ಮೇಲಿನಹಡ್ಲಿನ ಗೋಣಿ ಪರದೆ ಮತ್ತು ಮನೆಗೆ ಬಾರದ ಹಾಲೇಶ

ಈ ಭಾಗದ ಶಾಂತಿ ಸುವ್ಯವಸ್ಥೆಯ ಹೊಣೆ ಹೊತ್ತಿರುವ ಹಿರಿಯ ಅಧಿಕಾರಿಗಳೇ,

೨೦೦೩ರ ನವೆಂಬರ್ ತಿಂಗಳ ಒಂದು ಶನಿವಾರ ಸಂಜೆ ನಿಮ್ಮ ಸಿಬ್ಬಂದಿ ನಮ್ಮೂರಿನ ಸಮುದಾಯ ಭವನಕ್ಕೆ ಬಂದು, ನಾಟಕದ ಪರದೆಯನ್ನು ಬಿಚ್ಚಿ, ಸುತ್ತಿ, ಜೀಪಿನ ನೆತ್ತಿಗೆ ಕಟ್ಟಿಕೊಂಡು ಹೋದರು. ಜನವರಿಯಲ್ಲಿ ಅದೇ ಜೀಪು ಮತ್ತೆ ಬಂದು, ಆ ಪರದೆಯ ಮೇಲಿದ್ದ ಒಂದು ಮನೆಯ ಯಜಮಾನ ಹಾಲೇಶನನ್ನು ಕಾಫಿ ಕೊಯ್ಲಿನ ನಡುವೆಯೇ ಹತ್ತಿಸಿಕೊಂಡು ಹೋಯಿತು. ಪರದೆಯೂ ಮರಳಿಲ್ಲ, ಹಾಲೇಶನೂ ಮರಳಿಲ್ಲ. ಈಗ ಮೇ ತಿಂಗಳು. ಪರದೆಯ ವಿಷಯ ಬೇಕಾದರೆ ಇನ್ನೊಂದು ವರ್ಷ ಕಾಯಬಲ್ಲೆವು. ಮನುಷ್ಯನ ವಿಷಯ ಹಾಗಲ್ಲವಲ್ಲ.

ನಿಮ್ಮ ಕಚೇರಿಗೆ ನಾನು ಇದುವರೆಗೆ ಬರೆದ ಮನವಿಗಳೆಲ್ಲ ಬಹಳ ವಿನಯದಿಂದ ಕೂಡಿದ್ದವು. ಅವಕ್ಕೆ ಬಂದದ್ದು ಒಂದೇ ಒಂದು ಉತ್ತರ, ಅದೂ ನಾಲ್ಕು ಸಾಲಿನದು. ಆದ್ದರಿಂದ ಈ ಸಲ ವಿನಯವನ್ನು ಮನೆಯಲ್ಲೇ ಬಿಟ್ಟು, ಊರೆಲ್ಲ ಓದುವ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ನಿಮ್ಮ ಪಕ್ಕದ ಕುರ್ಚಿಯವರು ಓದಿ ನಿಮಗೆ ಹೇಳಿಯಾರು.

ಮೊದಲು ಆ ಪರದೆ ಏನು ಎಂಬುದನ್ನು ಹೇಳಬೇಕು. ನೀವು ಅದನ್ನು 'ಅರಣ್ಯದಂಚಿನ ವಸತಿಗಳ ಹಾಗೂ ಕಾಲುದಾರಿಗಳ ನಕ್ಷೆ' ಎಂದು ಕರೆದಿದ್ದೀರಿ. ಇಷ್ಟು ದೊಡ್ಡ ಹೆಸರು ಅದಕ್ಕೆ ಹುಟ್ಟಿದಾಗಿನಿಂದ ಯಾರೂ ಇಟ್ಟಿರಲಿಲ್ಲ.

ಸಂಸೆಯಿಂದ ಒಳಗೆ, ಜೀಪು ಮಾತ್ರ ಹತ್ತುವ ದಾರಿಯ ಕೊನೆಯಲ್ಲಿರುವ ಊರು ನಮ್ಮ ಮೇಲಿನಹಡ್ಲು. ಊರು ಎಂದರೆ ಮನೆಗಳ ಸಾಲಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ತೋಟ, ಒಂದು ಹಳ್ಳ, ಒಂದು ದಿಬ್ಬ. ಮಳೆಗಾಲ ಹಿಡಿದರೆ ಪಕ್ಕದ ಮನೆಯವರು ಬದುಕಿದ್ದಾರೆಂದು ತಿಳಿಯುವುದು ಹೊಗೆ ಕಂಡಾಗ ಮಾತ್ರ. ಪೂಜೆ ಮಾಡುವ ನಮ್ಮಂಥವರ ಮನೆಗಳು ಒಂದು ಕಡೆ, ಸಂಸೆಯಲ್ಲಿ ಅಂಗಡಿಯಿಟ್ಟುಕೊಂಡ ಬೆಳೆಗಾರರದು ಒಂದು ಕಡೆ, ಎಸ್ಟೇಟಿನ ಕೂಲಿಯವರ ಲೈನ್ ಮನೆಗಳು ಇನ್ನೊಂದು ಕಡೆ. ಮದುವೆ, ಸಾವು ಬಿಟ್ಟರೆ ಒಬ್ಬರ ಹೊಸಿಲನ್ನು ಇನ್ನೊಬ್ಬರು ದಾಟುತ್ತಿರಲಿಲ್ಲ. ದಾಟಿದರೂ ಎಲ್ಲರೂ ಒಳಗೆ ಹೋಗುತ್ತಿರಲಿಲ್ಲ. ಈ ಮಾತನ್ನು ವಿವರಿಸುವ ಅಗತ್ಯ ನಿಮಗಿಲ್ಲ ಎಂದುಕೊಂಡಿದ್ದೇನೆ.

೧೯೯೭ರಲ್ಲಿ ಸಮುದಾಯ ಭವನ ಎದ್ದಿತು. ಸಂಕ್ರಾಂತಿಗೆ ಒಂದು ನಾಟಕ ಆಡೋಣವೆಂದಾಯಿತು. ಮೂಡಿಗೆರೆಯಿಂದ ಬಾಡಿಗೆಗೆ ತಂದ ಪರದೆಯಲ್ಲಿ ಒಂದು ಅರಮನೆಯೂ, ಅದರ ಮುಂದೆ ಕಾರಂಜಿಯೂ ಇದ್ದವು. ಸಂಸೆಯ ಬಸ್ ನಿಲ್ದಾಣದೆದುರು ಅಂಗಡಿ ಇಟ್ಟಿರುವ ಬಸವರಾಜಪ್ಪನವರ ಹೆಂಡತಿ ಸರೋಜಮ್ಮ ಅದನ್ನು ನೋಡಿ, "ಇದು ಯಾರ ಮನೆ ಮಾರಾಯ್ರೆ? ಈ ಕಾರಂಜಿ ಮುಂದೆ ಕೂತು ನಮ್ಮೂರಲ್ಲಿ ಯಾರು ಗಂಜಿ ಉಂಡಿದಾರೆ?" ಎಂದರು. ಮುಂದಿನ ವರ್ಷ ನಮ್ಮ ಪರದೆಯನ್ನು ನಾವೇ ಮಾಡಿಕೊಂಡೆವು. ಹಳೆಯ ಕಾಫಿ ಗೋಣಿಗಳನ್ನು ಬಿಡಿಸಿ, ದಬ್ಬಳದಲ್ಲಿ ಹೊಲಿದು, ಹುಣಸೆ ಬೀಜದ ಗಂಜಿಗೆ ಸುಣ್ಣ ಬೆರೆಸಿ ಬಳಿದೆವು. ಕೆಮ್ಮಣ್ಣು, ಅರಿಶಿನ, ಒಲೆಯ ಮಸಿ. ಒಂದು ಮನೆಗೆ ಒಂದು ಗೋಣಿ. ಅದರಲ್ಲಿ ಊರಿನ ಮನೆಗಳನ್ನು ಬರೆಯಬೇಕು.

ಸರೋಜಮ್ಮ ಹಾಕಿದ ಕಟ್ಟಳೆ ಒಂದೇ. ಯಾರೂ ತಮ್ಮ ಮನೆಯನ್ನು ತಾವೇ ಬರೆಯುವಂತಿಲ್ಲ. ಚೀಟಿ ಎತ್ತಬೇಕು, ಬಂದ ಮನೆಗೆ ಹೋಗಿ ಕೂತು ನೋಡಿ ಬರೆಯಬೇಕು. "ಅವರವರ ಮನೆ ಅವರವರು ಬರೆದ್ರೆ ಎಲ್ರೂ ದೊಡ್ಡದು ಮಾಡ್ತಾರೆ. ಅಷ್ಟು ಗೋಣಿ ಎಲ್ಲಿಂದ ತರೋದು?" ಎಂಬುದು ಅವರ ವಾದ. ಇದರ ಹಿಂದೆ ಯಾವ ಸಿದ್ಧಾಂತವೂ ಇರಲಿಲ್ಲ, ಯಾವ ಸಂಘಟನೆಯೂ ಇರಲಿಲ್ಲ. ಆದರೆ ಮನೆ ಬರೆಯಬೇಕಾದರೆ ಮನೆಯೊಳಗೆ ಹೋಗಬೇಕಲ್ಲ. ಒಂದು ದಿನಕ್ಕೆ ಮುಗಿಯುವುದಿಲ್ಲವಲ್ಲ. ಕೂತವರಿಗೆ ಕಾಫಿ ಕೊಡಬೇಕು. ಕಾಫಿ ಕೊಟ್ಟ ಮೇಲೆ ಎರಡು ಮಾತಾಡಬೇಕು. ಪ್ರತಿ ವರ್ಷ ಹೊಸ ಚೀಟಿ, ಹಳೆಯ ಚಿತ್ರದ ಮೇಲೆ ಹೊಸ ಸುಣ್ಣ, ಹೊಸ ಮನೆ.

ಮೊದಲ ವರ್ಷವೇ ಎಸ್ಟೇಟಿನ ಮಾಲೀಕರಾದ ಚಂದ್ರಶೇಖರಪ್ಪನವರಿಗೆ ತಮ್ಮದೇ ಲೈನ್ ಮನೆಯ ಚೀಟಿ ಬಂತು. ಅವರ ತಂದೆ ಕಟ್ಟಿಸಿದ ಮನೆಗಳವು, ಆದರೆ ಅವರು ಒಂದರೊಳಗೂ ಕಾಲಿಟ್ಟವರಲ್ಲ. ಅಲ್ಲಿನ ಶಿವಗಂಗಮ್ಮನ ಮನೆಯಲ್ಲಿ ಕೂತು ಬರೆಯತೊಡಗಿದ ದಿನ ಅಕಾಲದ ಮಳೆ ಬಂತು. ಮಾಡು ಸೋರಿ, ಕರಡು ಬರೆಯುತ್ತಿದ್ದ ಹಾಳೆ ಒದ್ದೆಯಾಯಿತು. ಶಿವಗಂಗಮ್ಮ ಅಭ್ಯಾಸಬಲದಿಂದ ಬಕೀಟು ತಂದು ನಡುಮನೆಯಲ್ಲಿಟ್ಟಳು. ಚಂದ್ರಶೇಖರಪ್ಪನವರು ಬಕೀಟನ್ನೂ ಬರೆಯತೊಡಗಿದರು.

"ಅಯ್ಯ, ಅದೊಂದು ಬರೀಬೇಡಿ. ಮರ್ಯಾದೆ ಹೋಗ್ತದೆ."

"ಯಾರ ಮರ್ಯಾದೆನೇ?"

"ನಿಮ್ದೇ ಅಯ್ಯ."

ಅವರು ನಕ್ಕರೋ ಸಿಟ್ಟಾದರೋ ನನಗೆ ಗೊತ್ತಿಲ್ಲ. ಬಕೀಟಂತೂ ಪರದೆಯ ಮೇಲೆ ಬಂತು, ಊರೆಲ್ಲ ನೋಡಿತು. ಮುಂದಿನ ಮಳೆಗಾಲಕ್ಕೆ ಮುಂಚೆ ಲೈನ್ ಮನೆಗಳ ಹೆಂಚುಗಳೆಲ್ಲ ಬದಲಾದವು. ಯಾವ ಮುಷ್ಕರವೂ ಆಗಲಿಲ್ಲ, ಯಾವ ಕಲ್ಲೂ ಬೀಳಲಿಲ್ಲ. ಶಾಂತಿ ಕಾಯುವುದು ನಿಮ್ಮ ಕೆಲಸವಾದ್ದರಿಂದ ಈ ಸಂಗತಿಯನ್ನು ಗಮನಕ್ಕೆ ತರುತ್ತಿದ್ದೇನೆ.

೧೯೯೯ರಲ್ಲಿ ನಿಮ್ಮ ಕುರ್ಚಿಯಲ್ಲಿ ಕೂತಿದ್ದವರು ನಮ್ಮ ನಾಟಕಕ್ಕೆ ಮುಖ್ಯ ಅತಿಥಿಯಾಗಿ ಬಂದಿದ್ದರು. ಇದೇ ಪರದೆಯ ಮುಂದೆ ನಿಂತು, ಪ್ರತಿ ಹಳ್ಳಿಯಲ್ಲೂ ಇಂಥದ್ದೊಂದು ಆಗಬೇಕೆಂದು ಭಾಷಣ ಮಾಡಿ, ಫೋಟೋ ತೆಗೆಸಿಕೊಂಡು, ಕಡುಬು ತಿಂದು ಹೋದರು. ಅಂದು ಕಲೆಯಾಗಿದ್ದದ್ದು ಇಂದು ಅಪರಾಧ ಹೇಗಾಯಿತು? ಪರದೆ ಬದಲಾಯಿತೋ, ಕುರ್ಚಿ ಬದಲಾಯಿತೋ? ಕಾಡಿನಲ್ಲಿ ಬಂದೂಕು ಹಿಡಿದವರು ಓಡಾಡುತ್ತಾರೆಂಬ ಸುದ್ದಿ ನಮಗೂ ಗೊತ್ತು. ನಿಮಗಿಂತ ನಮಗೆ ಅದರ ಹೆದರಿಕೆ ಹೆಚ್ಚು, ಏಕೆಂದರೆ ಕಾಡಿನಂಚಿನಲ್ಲಿ ಮಲಗುವವರು ನಾವು. ಅದಕ್ಕೆ ನಾವು ಕಂಡುಕೊಂಡ ಮದ್ದು ಒಂದೇ ಆಗಿತ್ತು. ಒಬ್ಬರ ಮನೆಯಲ್ಲಿ ಏನಾಗುತ್ತಿದೆಯೆಂದು ಇನ್ನೊಬ್ಬರಿಗೆ ತಿಳಿದಿರುವುದು. ಅದನ್ನೇ ನೀವು ಕಿತ್ತುಕೊಂಡಿರಿ.

ನಾನು ಚರಿತ್ರೆ ಪಾಠ ಹೇಳಿದವನು, ಹಳೆಯದು ಮರೆಯುವುದಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ ನಾನು ಕೆಲಸ ಮಾಡುತ್ತಿದ್ದ ಊರಿನ ವಾಚನಾಲಯದಿಂದ ಬೆಂಚುಗಳನ್ನು ತೆಗೆಸಿದ್ದರು. ಪತ್ರಿಕೆ ಬರುತ್ತಿತ್ತು, ಓದಬಹುದಿತ್ತು, ಆದರೆ ನಿಂತೇ ಓದಬೇಕಿತ್ತು. ಕೂತರೆ ಜನ ಮಾತಾಡುತ್ತಾರೆಂಬುದು ಆಗಿನ ಅಧಿಕಾರಿಯ ಶೋಧ. ಆತ ದಡ್ಡನೆಂದು ನಾನು ಬಹಳ ವರ್ಷ ನಗುತ್ತಿದ್ದೆ. ಈಗ ನಗುವುದಿಲ್ಲ. ಅವನಿಗೆ ಎಲ್ಲ ಸರಿಯಾಗಿಯೇ ಅರ್ಥವಾಗಿತ್ತು.

ಇನ್ನು, ಕಾಡಿನವರಿಗೆ ಸನ್ನೆಯೆಂದು ನಿಮ್ಮವರು ಹಿಡಿದ, ಪರದೆಯ ಮೇಲಿನ ದೀಪದ ವಿಷಯ. ನಿಮ್ಮ ಇಡೀ ಪ್ರಕರಣ ನೇತಾಡುತ್ತಿರುವುದು ಆ ದೀಪದ ಮೇಲೆ.

೨೦೦೧ರ ಚೀಟಿಯಲ್ಲಿ ನನ್ನ ಸೊಸೆ ಭಾವನಾಳಿಗೆ ಹಾಲೇಶನ ಮನೆ ಬಂತು. ಹಾಲೇಶನದು ಎರಡೆಕರೆ ಕಾಫಿ, ಊರಿನ ಎಲ್ಲರಿಗಿಂತ ಮೇಲಿನ ದಿಬ್ಬದಲ್ಲಿ ಮನೆ, ಹೆಂಡತಿ ತನುಜಾ. ಮಾತಿನಲ್ಲಿ ಗಟ್ಟಿಗ, ಚಿತ್ರದಲ್ಲಿ ಸೊನ್ನೆ. ಅವನು ಬರೆದ ಹಸುವನ್ನು ಮಕ್ಕಳು ಹುಲಿಯೆಂದು ಕೂಗಿದಾಗ, "ಹೌದ್ರೋ, ಹಾಲು ಕೊಡೋ ಹುಲಿ" ಎಂದವನು. ಭಾವನಾ ಅವನ ಅಂಗಳದಲ್ಲಿ ಕೂತು ಬರೆಯುವಾಗ ಒಂದು ಸಂಗತಿ ಗಮನಿಸಿದಳು. ಮಕ್ಕಳು ಶಾಲೆಗೆ ದಾಟುವ ಹಳ್ಳಕ್ಕೆ ಮರದ ದಿಮ್ಮಿಗಳ ಸಂಕ ಹಾಕಿದ್ದೇವೆ. ಅದು ಕೆಳಗಿನ ಯಾವ ಮನೆಗೂ ಕಾಣುವುದಿಲ್ಲ, ಹಾಲೇಶನ ಅಂಗಳಕ್ಕೆ ಮಾತ್ರ ಪೂರ್ತಿ ಕಾಣುತ್ತದೆ.

"ಹಾಲೇಶಣ್ಣ, ಮಳೆಗಾಲದಲ್ಲಿ ನೀರು ಏರಿದ್ದು ನಿಮಗೆ ಕಾಣ್ಸತ್ತೆ. ನಮಗೆ ಹೇಳೋದು ಹೇಗೆ?"

"ಕೂಗ್ಬಹುದು. ಆದ್ರೆ ಆಷಾಢದ ಮಳೇಲಿ ನನ್ನ ಕೂಗು ನನ್ನ ಹೆಂಡ್ತಿಗೇ ಕೇಳ್ಸಲ್ಲ."

"ಕೇಳ್ಸಿದ್ರೂ ಕೇಳ್ದಂಗೆ ಇರ್ತೀನಿ ಬಿಡಿ," ಎಂದು ತನುಜಾ ಒಳಗಿನಿಂದ ಕೂಗಿದಳಂತೆ.

ಹೀಗೆ ನಗುತ್ತಲೇ ಹೊರಟ ಮಾತು ಅದು. ಆ ಮಳೆಗಾಲದಿಂದ ಬೆಳಗಿನ ಹೊತ್ತು ಹಾಲೇಶ ತನ್ನ ಅಂಗಳದ ಅತ್ತಿಮರಕ್ಕೆ ಒಂದು ಲಾಟೀನು ತೂಗುಹಾಕತೊಡಗಿದ. ದೀಪ ಉರಿದರೆ ಸಂಕ ದಾಟಬಹುದು. ಉರಿಯದಿದ್ದರೆ ಮಕ್ಕಳನ್ನು ಮನೆಯಲ್ಲೇ ಇರಿಸಿಕೊಳ್ಳಿ. ೨೦೦೨ರ ಜುಲೈ ತಿಂಗಳಲ್ಲಿ ಒಂದು ದಿನ ಕೆಳಗೆ ಮಳೆ ಬಿಟ್ಟಿತ್ತು, ಬಿಸಿಲೂ ಇಣುಕಿತ್ತು, ಮೇಲೆ ಮಾತ್ರ ದೀಪವಿರಲಿಲ್ಲ. ಸಂಕದ ತಳದ ಮಣ್ಣು ಕೊರೆದದ್ದನ್ನು ಅವನು ಕಂಡಿದ್ದ. ಮಕ್ಕಳೆಲ್ಲ ಮನೆಯಲ್ಲಿ ಉಳಿದರು. ಮಧ್ಯಾಹ್ನದ ಹೊತ್ತಿಗೆ ಸಂಕವಿದ್ದ ಜಾಗದಲ್ಲಿ ಕೆಂಪು ನೀರು ಮಾತ್ರ ಇತ್ತು. ಆ ವರ್ಷದ ಪರದೆಗೆ ಮತ್ತೆ ಸುಣ್ಣ ಬಳಿಯುವಾಗ, ಚೀಟಿ ಬೇರೆಯವರಿಗೆ ಬಂದಿದ್ದರೂ, ಹಾಲೇಶನ ಅತ್ತಿಮರಕ್ಕೆ ಅರಿಶಿನದಲ್ಲಿ ದೀಪ ಬರೆಯಲು ಎಲ್ಲರೂ ಭಾವನಾಳನ್ನೇ ಕರೆದರು.

ನಿಮ್ಮವರು ಬಂದ ಸಂಜೆ ತಾಲೀಮು ನಡೆಯುತ್ತಿತ್ತು. ಟಾರ್ಚಿನ ಬೆಳಕು ಪರದೆಯ ಮೇಲೆ ಮನೆಯಿಂದ ಮನೆಗೆ ಹೋಗಿ ಆ ಅರಿಶಿನದ ಚುಕ್ಕಿಯ ಮೇಲೆ ನಿಂತಿತು.

"ಇದು ಯಾರ ನಕ್ಷೆ?"

"ನಕ್ಷೆ ಅಲ್ಲ ಸ್ವಾಮಿ, ಪರದೆ. ನಾಟಕದ್ದು," ಎಂದರು ಸರೋಜಮ್ಮ.

"ಯಾವ ನಾಟಕ?"

"ಈ ವರ್ಷದ್ದು ಇನ್ನೂ ಆಗಿಲ್ಲ."

"ಆಗಲ್ಲ ಬಿಡಿ," ಎಂದರು ನಿಮ್ಮವರು. ಗದರಿಸಲಿಲ್ಲ. ಮಳೆ ಬರುವುದಿಲ್ಲ ಎಂದು ಹೇಳುವ ಹಾಗೆ, ಬಹಳ ಸಾಮಾನ್ಯವಾಗಿ ಹೇಳಿದರು. ಮರುದಿನ ಭವನಕ್ಕೆ ಬೀಗ ಬಿತ್ತು.

ಡಿಸೆಂಬರಿನಲ್ಲಿ ಭಾವನಾಳನ್ನು ನಿಮ್ಮ ಕಚೇರಿಗೆ ಕರೆಸಿದಿರಿ. ನನ್ನ ಮಗ ನಿರಂಜನನೂ ನಾನೂ ಜೊತೆಗೆ ಬಂದೆವು. ನಮ್ಮನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದಿರಿ. ಒಳಗಿನ ಮಾತು ಬಾಗಿಲ ಸಂದಿಯಿಂದ ಕೇಳುತ್ತಿತ್ತು.

"ಈ ದೀಪ ಯಾರಿಗೆ?"

"ನಮಗೆ."

"ನಮಗೆ ಅಂದ್ರೆ ಯಾರು ಯಾರಿಗೆ?"

ನನ್ನ ಸೊಸೆ ಮಾಡಿದ ತಪ್ಪು ಯಾವುದಾದರೂ ಇದ್ದರೆ ಅದು ಇಲ್ಲಿ. ಎಲ್ಲ ಮನೆಗಳ ಹೆಸರು ಹೇಳಿದರೆ, ಇದು ಇಡೀ ಊರಿನ ದೀಪವೆಂದು ನಿಮಗೆ ಮನವರಿಕೆಯಾಗಿ ಬಿಟ್ಟುಬಿಡುತ್ತೀರೆಂದು ಆಕೆ ನಂಬಿದಳು. ಮೇಲಿನಹಡ್ಲಿನಲ್ಲಿ ಹಾಗೆಯೇ ನಡೆಯುತ್ತದೆ. ಒಬ್ಬರ ಮೇಲೆ ಆಪಾದನೆ ಬಂದರೆ ಎಲ್ಲರ ಹೆಸರನ್ನೂ ಜೊತೆಗೆ ಹೇಳುತ್ತೇವೆ, ಆಪಾದನೆ ಹಂಚಿಹೋಗಿ ಹಗುರಾಗುತ್ತದೆ. ನಿಮ್ಮಲ್ಲಿ ಅದು ಹಗುರಾಗುವುದಿಲ್ಲ, ಬೆಳೆಯುತ್ತದೆ. ಒಂದೊಂದು ಮನೆಯ ಹೆಸರನ್ನೂ ಆಕೆ ಗೌರವದಿಂದ, ಹಿರಿಯರಿಗೆ 'ಅವ್ರು' ಸೇರಿಸಿ ಹೇಳಿದಳು. ಒಳಗೆ ಟೈಪಿನ ಸದ್ದು ನಿಲ್ಲಲಿಲ್ಲ. ಆಮೇಲೆ ಆ ಒಂದೊಂದು ಮನೆಗೂ ನಿಮ್ಮ ಜೀಪು ಹೋಯಿತು. ಹೋದಲ್ಲೆಲ್ಲ ನಿಮ್ಮವರು ಹೇಳಿದ್ದು ಒಂದೇ ಮಾತು: "ನಿಮ್ಮೂರಿನವರೇ ಬರೆದುಕೊಟ್ಟಿದ್ದಾರೆ." ಶಿವಗಂಗಮ್ಮನ ಮನೆಯಲ್ಲಿ, ಹೆಂಚು ಬದಲಾದ ಮೇಲೂ ಪ್ರತಿ ವರ್ಷ ತಮಾಷೆಗೆ ಪರದೆಯ ಮೇಲೆ ಬರೆಯುತ್ತಿದ್ದ ಆ ಬಕೀಟಿನಲ್ಲಿ ಯಾರಿಗೆ ಊಟ ಹೊರುತ್ತೀಯೆಂದು ಕೇಳಿದರಂತೆ.

ಅಂದಿನಿಂದ ನಮ್ಮೂರಿನಲ್ಲಿ ಏನಾಗಿದೆ ಬಲ್ಲಿರಾ? ನನ್ನ ಮನೆಯನ್ನು ಬರೆದವರು ಯಾರು, ಏನೇನು ಬರೆದರು ಎಂದು ಒಬ್ಬೊಬ್ಬರೂ ಒಳಗೊಳಗೇ ಲೆಕ್ಕ ಹಾಕುತ್ತಿದ್ದಾರೆ. ಕಾಫಿಗೆ ಕರೆಯುವುದು ನಿಂತಿದೆ. ಹೋದರೂ ಜಗಲಿಯಲ್ಲೇ ಮಾತು, ಬಾಗಿಲಿಗೆ ಬೆನ್ನು ಕೊಟ್ಟು. ಸಂಜೆಯಾದರೆ ಕಿಟಕಿಗೆ ಗೋಣಿ ಇಳಿಬಿಡುತ್ತಾರೆ. ಮಕ್ಕಳು ಆಟದಲ್ಲಿ ಒಬ್ಬರನ್ನೊಬ್ಬರು, "ಬರೆದುಕೊಡ್ತೀನಿ ನೋಡು" ಎಂದು ಹೆದರಿಸುತ್ತಾರೆ. ಆರು ವರ್ಷ ಹಿಡಿದ ಕೆಲಸವನ್ನು ಅಳಿಸಲು ನಿಮಗೆ ಒಂದು ಚಳಿಗಾಲ ಸಾಕಾಯಿತು.

ಜನವರಿಯಲ್ಲಿ ಹಾಲೇಶನನ್ನು ಕರೆದೊಯ್ದಿರಿ. ಹಣ್ಣು ಕುಯ್ಯುತ್ತಿದ್ದವನು ಸೊಂಟದ ಬುಟ್ಟಿ ಬಿಚ್ಚಿ ಗಿಡದ ಬುಡದಲ್ಲಿಟ್ಟು, "ಸಂಜೆಯೊಳಗೆ ಬಿಡ್ತಾರಂತೆ, ಹಣ್ಣು ಪಲ್ಪರಿಗೆ ಹಾಕ್ಬೇಡ, ನಾ ಬಂದು ಹಾಕ್ತೀನಿ" ಎಂದು ತನುಜಾಳಿಗೆ ಹೇಳಿ ಹೋದ. ನಿಮ್ಮ ನಾಲ್ಕು ಸಾಲಿನ ಉತ್ತರದ ಪ್ರಕಾರ, ಅಂದೇ ಸಂಜೆ ಕತ್ತಲಾಗುವ ಮೊದಲು ಅವನನ್ನು ಸಂಸೆಯ ಬಸ್ ನಿಲ್ದಾಣದಲ್ಲಿ ಇಳಿಸಿ ಬಿಡಲಾಗಿದೆ. ನಂತರ ಅವನು 'ತಲೆಮರೆಸಿಕೊಂಡಿದ್ದಾನೆ'. ತಲೆಮರೆಸಿಕೊಂಡಿರುವುದೇ ಅವನ ಅಪರಾಧಕ್ಕೆ ಸಾಕ್ಷಿ. ಎಷ್ಟು ಅಚ್ಚುಕಟ್ಟಾದ ತರ್ಕ! ನೀವು ಕರೆದೊಯ್ದವನು ಮರಳಿದರೆ ನಿರಪರಾಧಿ, ಮರಳದಿದ್ದರೆ ಅಪರಾಧಿ. ಮರಳಿಸಬೇಕಾದವರು ಯಾರು ಎಂಬ ಪ್ರಶ್ನೆಗೆ ಮಾತ್ರ ಆ ನಾಲ್ಕು ಸಾಲಿನಲ್ಲಿ ಜಾಗವಿಲ್ಲ.

ಬಸ್ ನಿಲ್ದಾಣದೆದುರಿಗೆ ಬಸವರಾಜಪ್ಪನವರ ಅಂಗಡಿ. ಕೊನೆಯ ಬಸ್ಸು ಹೋಗುವವರೆಗೆ ಬಾಗಿಲು ತೆರೆದಿರುತ್ತದೆ. ತನುಜಾ ಮರುದಿನ ಬೆಳಿಗ್ಗೆ ಓಡಿಹೋಗಿ ಕೇಳಿದಾಗ ಅವರು, "ಇಲ್ಲ ಮಗಳೇ, ಇಲ್ಲಿ ಯಾರೂ ಇಳೀಲಿಲ್ಲ" ಎಂದಿದ್ದರು. ವಾರದ ನಂತರ ನಿಮ್ಮವರು ಅಂಗಡಿಯಲ್ಲಿ ಬಹಳ ಹೊತ್ತು ಕೂತು ಹೋದರು. ಆಮೇಲೆ ನಾನು ಕೇಳಿದಾಗ, "ನೆನಪಿಲ್ಲ ಮಾಷ್ಟ್ರೇ, ವಯಸ್ಸಾಯ್ತು" ಎಂದು ತಕ್ಕಡಿ ಒರೆಸತೊಡಗಿದರು. ನಾನು ಅವರನ್ನು ದೂರುವುದಿಲ್ಲ. ಒಳಗಿನಿಂದ ಸರೋಜಮ್ಮ ಹೊರಗೆ ಬಂದರು.

"ಇವರಿಗೆ ನೆನಪಿಲ್ಲದಿದ್ರೆ ನಂಗಿದೆ. ಅವತ್ತು ಗಲ್ಲಾದ ಮುಂದೆ ಕೂತಿದ್ದೋಳು ನಾನು. ಯಾವ ಜೀಪೂ ನಿಲ್ಲಲಿಲ್ಲ, ಹಾಲೇಶ ಇಳೀಲಿಲ್ಲ."

"ಸುಮ್ನಿರೇ," ಎಂದರು ಬಸವರಾಜಪ್ಪ.

"ನೀವು ಸುಮ್ನಿದೀರಲ್ಲ, ಮನೆಗೊಬ್ರು ಸಾಕು. ಮಾಷ್ಟ್ರೇ, ಪೇಪರಿಗೆ ಬರೀತೀರಾದ್ರೆ ನನ್ನ ಹೆಸರು ಹಾಕಿ. ಸರೋಜಮ್ಮ ಅಂತ ಪೂರ್ತಿ ಹಾಕಿ."

ಹಾಕಿದ್ದೇನೆ. ಆ ಮಾತು ಊರಲ್ಲಿ ಹರಡಿದಾಗಿನಿಂದ ನಿಮ್ಮ ಜೀಪು ದಿನವೂ ಅವರ ಅಂಗಡಿಯೆದುರು ಬಂದು ನಿಲ್ಲುತ್ತದೆ. ಯಾರೂ ಇಳಿಯುವುದಿಲ್ಲ, ಏನೂ ಕೊಳ್ಳುವುದಿಲ್ಲ, ಎಂಜಿನ್ ಮಾತ್ರ ಓಡುತ್ತಿರುತ್ತದೆ. ಗಿರಾಕಿಗಳು ಬೇರೆ ಅಂಗಡಿಗೆ ಹೋಗುತ್ತಿದ್ದಾರೆ. ಸರೋಜಮ್ಮನಿಗೆ ಏನಾದರೂ ಆದರೆ ಅವರನ್ನು ಯಾವ ಬಸ್ ನಿಲ್ದಾಣದಲ್ಲಿ ಇಳಿಸಿದಿರೆಂದು ಹೇಳುತ್ತೀರಿ?

ಹಾಲೇಶ ಕುಯ್ದಿಟ್ಟ ಹಣ್ಣು, ಸಿಪ್ಪೆ ಬಿಡಿಸುವ ಆ ಪಲ್ಪರನ್ನು ಕಾಣದೆ, ಕಣದ ಮೂಲೆಯಲ್ಲಿ ಹುಳಿತು ನಾರಿತು. ಗಿಡದಲ್ಲಿದ್ದದ್ದು ಒಣಗಿ ಉದುರತೊಡಗಿತು. ಬೇರೆ ವರ್ಷವಾಗಿದ್ದರೆ ಊರೆಲ್ಲ ನುಗ್ಗಿ ಕುಯ್ದುಕೊಡುತ್ತಿತ್ತು. ಈ ವರ್ಷ ಆ ದಿಬ್ಬ ಹತ್ತಲು ಯಾರಿಗೂ ಧೈರ್ಯ ಬರಲಿಲ್ಲ. ಕೊನೆಗೆ ಭಾವನಾ ಒಬ್ಬಳೇ ಬುಟ್ಟಿ ಕಟ್ಟಿಕೊಂಡು ಹೋದಳು. ಮರಳುವುದು ತಡವಾಯಿತೆಂದು ನಾನು ಹುಡುಕಿಕೊಂಡು ಹೋದೆ. ಇಬ್ಬರು ಹೆಂಗಸರೂ ಎರಡು ಸಾಲುಗಳಲ್ಲಿ ನೆಲದ ಮೇಲಿನ ಕಾಯಿ ಆರಿಸುತ್ತಿದ್ದರು. ಸಾಲಿನ ಕೊನೆ ಮುಟ್ಟಿದಾಗ ಭಾವನಾ, "ತನುಜಕ್ಕ, ನನಗೆ ಬೈದುಬಿಡಿ" ಎಂದಳು.

ತನುಜಾ ತಲೆ ಎತ್ತಲಿಲ್ಲ. "ನೀ ಸುಳ್ಳು ಬರೆದಿದ್ರೆ ಬೈತಿದ್ದೆ ಮಾರಾಯ್ತಿ. ಇದ್ದಿದ್ದೇ ಬರ್ದಿದೀಯ. ಏನಂತ ಬೈಲಿ?"

ಇದನ್ನು ನಿಮ್ಮ ಕಡತಕ್ಕೆ ಸೇರಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಆ ಪರದೆಯಿಂದ ಊರಿಗೆ ಸಿಕ್ಕಿದ್ದು ಏನು ಎಂದು ನೀವು ಯಾವಾಗಲಾದರೂ ತನಿಖೆ ಮಾಡಿದರೆ, ಉಳಿದಿರುವ ಸಾಕ್ಷ್ಯ ಅದೊಂದೇ.

ಹೊರಡುವಾಗ ತನುಜಾ ನನ್ನನ್ನು ಒಂದು ಪ್ರಶ್ನೆ ಕೇಳಿದಳು. "ಮಾಷ್ಟ್ರೇ, ಇನ್ನೇನು ಮಳೆ ಹಿಡೀತದೆ. ದೀಪ ಇಡ್ಲಾ ಬೇಡ್ವಾ? ಇಟ್ರೆ ನನ್ನೂ ಕರ್ಕೊಂಡು ಹೋಗ್ತಾರೆ. ಇಡದೇ ಇದ್ರೆ, ಅವ್ರು ಇಲ್ಲ ಅದಕ್ಕೇ ದೀಪ ಇಲ್ಲ ಅಂದ್ಕೊಂಡು ಮಕ್ಕಳು ಸಂಕದ ಮೇಲೆ ಕಾಲಿಡ್ತಾವೆ. ನಾ ಏನ್ ಮಾಡ್ಲಿ ಹೇಳಿ."

ನಾನು ಹೇಳಲಾರೆ. ನೀವು ಹೇಳಿ. ಕಳೆದ ವಾರ ಪಡುವಣದಲ್ಲಿ ಮೋಡ ಕಪ್ಪಾಗಿ ಎರಡು ಸಲ ಗುಡುಗಿದೆ. ಶಾಲೆ ಜೂನ್ ಮೊದಲ ದಿನ ತೆರೆಯುತ್ತದೆ. ಸಂಕಕ್ಕೆ ಹೊಸ ದಿಮ್ಮಿ ಹಾಕಲು ಈ ಸಲ ಜನ ಕೂಡಿಲ್ಲ, ಏಕೆಂದರೆ ಐದು ಜನಕ್ಕಿಂತ ಹೆಚ್ಚು ಒಟ್ಟಿಗೆ ನಿಲ್ಲಬಾರದೆಂದು ನಿಮ್ಮ ಆಜ್ಞೆಯಿದೆ. ಐದು ಜನರಿಗೆ ಎತ್ತಲಾಗುವ ದಿಮ್ಮಿ ನಮ್ಮ ಹಳ್ಳವನ್ನು ಮುಟ್ಟುವುದಿಲ್ಲ.

ಮಾನ್ಯರೇ, ನನಗೆ ಇನ್ನೊಂದು ಮನವಿ ಬರೆಯುವ ಉದ್ದೇಶವಿಲ್ಲ, ಇನ್ನೊಂದು ನಾಲ್ಕು ಸಾಲೂ ಬೇಡ. ಮೇ ಮುಗಿಯುವ ಮೊದಲು ನೀವೇ ಮೇಲಿನಹಡ್ಲಿಗೆ ಬನ್ನಿ. ಭವನದ ಬೀಗ ತೆಗೆಸಿ, ಎಲ್ಲ ಮನೆಯವರೂ ಒಟ್ಟಿಗೆ ಕೂರಲು ಅಪ್ಪಣೆ ಕೊಡಿ. ಅಂದು ಜೀಪಿನಲ್ಲಿದ್ದ ನಿಮ್ಮ ಸಿಬ್ಬಂದಿಯನ್ನು ಜೊತೆಗೆ ಕರೆತನ್ನಿ. ಆಮೇಲೆ ತನುಜಾಳ ಎದುರು, ಸರೋಜಮ್ಮನ ಎದುರು, ನಮ್ಮೆಲ್ಲರ ಎದುರು ನಿಂತು, ಕೇಳಿಸುವ ಹಾಗೆ ಹೇಳಿ: ಹಾಲೇಶ ಆ ಜೀಪಿನಿಂದ ಎಲ್ಲಿ ಇಳಿದ? ಇಳಿದಾಗ ಜೀವಂತ ಇದ್ದನೇ?

ಇಂತಿ,
ಚಿತ್ರಕ್ಕೂ ನಕ್ಷೆಗೂ ಇರುವ ವ್ಯತ್ಯಾಸವನ್ನು ಎಳೆಯರಿಗೆ ಕಲಿಸಿ, ಹಿರಿಯರಿಗೆ ಕಲಿಸಲಾಗದೆ ನಿವೃತ್ತನಾದ
ಕಾಶೀನಾಥ
ಮೇಲಿನಹಡ್ಲು, ಮೇ ೨೦೦೪